ಬಚ್ಚಲಿಲ್ಲವೆಂದು ಬರೆದ ಮನೆ

ಹೆದ್ದಾರಿ ನಮ್ಮ ಬೀದಿಯ ಮೇಲೇ ಬರುತ್ತದೆ ಎನ್ನುವುದು ಖಾತ್ರಿಯಾದ ಮೇಲೆ ಮೆಂಫಿಸ್ಸಿನ ದೊಡ್ಡ ಮನುಷ್ಯರೆಲ್ಲ ನಮ್ಮ ಜೊತೆ ಬಹಳ ಮರ್ಯಾದೆಯಿಂದ ಮಾತಾಡತೊಡಗಿದರು. ಊರು ಬೆಳೆಯುತ್ತದೆ ಎಂದರು. ನದಿಗೆ ಸೇತುವೆ, ಸೇತುವೆಗೆ ದಾರಿ, ಆ ದಾರಿಯಲ್ಲಿ ಅರ್ಕನ್ಸಾಸ್ ಕಡೆಗೆ ಹೋಗುವವರು ನಮ್ಮ ಊರಲ್ಲಿ ಒಂದು ಲೋಟ ನೀರೂ ಕುಡಿಯದೆ ದಾಟಿಹೋಗಬಹುದು. ಬಿಳಿಯರ ಬೀದಿಗಳನ್ನು ಸುತ್ತಿ ಬಳಸಿ, ಅವರ ಗಾಲ್ಫ್ ಮೈದಾನವನ್ನು ಬಳಸಿ, ಹತ್ತಿ ಗೋದಾಮುಗಳನ್ನೂ ಬಳಸಿಕೊಂಡು ಬಂದ ಆ ದಾರಿಯ ಗೆರೆ ನಮ್ಮ ಕರಿಯರ ಬೀದಿಗೆ ಬಂದಾಗ ಮಾತ್ರ ನೆಟ್ಟಗಾಗಿತ್ತು. ಬಡವರ ಮನೆ ಕಂಡರೆ ದಾರಿಗೂ ಸಲೀಸು.

ಪೆಟಿಗ್ರೂ ಅವರ ಮನೆ ಬೀದಿಯ ನಟ್ಟನಡುವೆ, ನಮ್ಮ ಮನೆಯ ಎದುರಿಗೇ ಇತ್ತು. ಮನೆಯೊಡತಿ ಒಜೆಲಾಗೆ ಎಪ್ಪತ್ತು ದಾಟಿತ್ತು. ಬೀದಿಗೆಲ್ಲ ಆಕೆ ಮಿಸ್ ಒಜೆಲಾ. ಮಗ ಹೊರೇಸ್ ಹತ್ತಿಬೀಜದ ಎಣ್ಣೆ ಗಿರಣಿಯಲ್ಲಿದ್ದ. ಸೊಸೆ ವರ್ನೆಲ್ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ವಾರವಿಡೀ ಹಬೆಯಲ್ಲಿ ನಿಂತು, ಶನಿವಾರ ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಬೀದಿಯ ಹೆಂಗಸರ ತಲೆಗೂದಲನ್ನು ಬಿಸಿ ಬಾಚಣಿಗೆಯಿಂದ ನೆಟ್ಟಗೆ ಮಾಡಿಕೊಡುತ್ತಿದ್ದಳು. ಮೊಮ್ಮಗಳು ಡೆಲೋಯಿಸ್ ಟೀಚರಾಗುವ ಓದಿಗೆ ಕಾಲೇಜು ಸೇರಿದ್ದಳು. ಬಾಯಿ ಮಾತ್ರ ಆಗಲೇ ಹೆಡ್‌ಮಾಸ್ತರದು.

ಆ ಮನೆಗೆ ಒಂದು ಹೆಮ್ಮೆಯಿತ್ತು. ನಮ್ಮ ಬೀದಿಯಲ್ಲಿ ಮನೆಯೊಳಗೇ ಬಚ್ಚಲು, ಕಕ್ಕಸು ಕಂಡ ಮೊದಲ ಮನೆ ಅದು. ಒಜೆಲಾಳ ಗಂಡ ಅಮೋಸ್ ಬಿಳಿಯ ಕೊಳಾಯಿ ಕೆಲಸಗಾರರ ಕೈಕೆಳಗೆ ಗುಂಡಿ ತೋಡುತ್ತ, ಅವರು ಮಾಡುವುದನ್ನು ಓರೆಗಣ್ಣಲ್ಲಿ ನೋಡಿ ಕೆಲಸ ಕಲಿತವನು. ಅವನಿಗೆ ಯಾರೂ ಕೊಳಾಯಿಯವನು ಎನ್ನುವ ಹೆಸರು ಕೊಡಲಿಲ್ಲ, ಹಾಗಾಗಿ ಕಲಿತದ್ದನ್ನೆಲ್ಲ ಮನೆಗೇ ಹಾಕಿದ. ನದಿ ದಂಡೆಯ ಹಳೇ ಹೋಟೆಲೊಂದನ್ನು ಕೆಡವಿದಾಗ ಅದರ ಸ್ನಾನದ ತೊಟ್ಟಿಯನ್ನು ತಂದ. ನಾಲ್ಕು ಜನ ಗಂಡಸರು ಅದನ್ನು ಹೊತ್ತು ಬಂದದ್ದು, ಹಿಂದೆ ಒಜೆಲಾ ಪೊಲೀಸಿನವರ ಹಾಗೆ ಬೈಯುತ್ತ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಮೋಸ್ ತೀರಿಹೋಗಿ ಆರೇಳು ವರ್ಷವಾದರೂ ಆ ತೊಟ್ಟಿಯಲ್ಲಿ ಒಂದು ಕಲೆ ಕೂರಲು ಒಜೆಲಾ ಬಿಟ್ಟಿರಲಿಲ್ಲ.

ಚರ್ಚಿನಲ್ಲಿ ಪಾದ್ರಿಗಳು ಎರಡು ಭಾನುವಾರ ಕೂಗಿ ಹೇಳಿದರು. "ರಸ್ತೆಯವರು ಮನೆಗೆ ಬೆಲೆ ಕಟ್ಟೋಕೆ ಬರ್ತಾರೆ. ಇದ್ದದ್ದನ್ನೆಲ್ಲ ತೋರಿಸಿ. ಒಂದು ಬಾಗಿಲೂ ಮುಚ್ಚಬೇಡಿ. ಅವರು ಕಂಡದ್ದಕ್ಕೆ ಮಾತ್ರ ದುಡ್ಡು." ಒಜೆಲಾ ಎರಡು ಸಲವೂ ಮುಂದಿನ ಸಾಲಿನಲ್ಲೇ ಕೂತು, ಬೀಸಣಿಗೆ ಬೀಸಿಕೊಳ್ಳುತ್ತ ಕೇಳಿಸಿಕೊಂಡಳು. ಕೇಳಿಸಿಕೊಂಡದ್ದು ಬೇರೆ, ನಂಬಿದ್ದು ಬೇರೆ.

ಒಂದು ಮಂಗಳವಾರ ಬೆಳಗ್ಗೆ ಎದುರುಮನೆಯ ಲೇಸಿನ ಪರದೆಗಳು ಇಳಿದವು. ಒಗೆಯುವುದಕ್ಕಿರಬೇಕು ಅಂದುಕೊಂಡೆ. ಆಮೇಲೆ ಜಗಲಿಗೆ ತುಕ್ಕು ಹಿಡಿದ ಬಾನಿಯೊಂದು ಬಂತು. ಮುರಿದ ಕುರ್ಚಿ ಬಂತು. ಹೊತ್ತೇರಿದ ಮೇಲೆ ಹಲಗೆಗೆ ಕಾಗದ ಸಿಕ್ಕಿಸಿಕೊಂಡ ಬಿಳಿಯನೊಬ್ಬ ಕಾರಿನಿಂದಿಳಿದ. ಹರಕು ಏಪ್ರನ್ ಕಟ್ಟಿಕೊಂಡ ಒಜೆಲಾ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವಳಿಗೆ ಅಲ್ಲಿಯವರೆಗೆ ಸೊಂಟನೋವು ಇದ್ದದ್ದು ನನಗೆ ಗೊತ್ತಿರಲಿಲ್ಲ.

ರಾತ್ರಿ ಆ ಮನೆಯಲ್ಲಿ ಊಟಕ್ಕೆ ಅಲಸಂದೆ, ಹಂದಿಮಾಂಸ, ಮೆಕ್ಕೆಜೋಳದ ಬ್ರೆಡ್ಡು. ಬಡಿಸುವಾಗ ಒಜೆಲಾಳ ಮುಖದಲ್ಲಿ ಹುರುಪಿತ್ತಂತೆ.

"ಬಂದಿದ್ದ ಕಣೋ, ಆ ರಸ್ತೆಯವನು," ಎಂದಳು ಮಗನಿಗೆ.

"ಇವತ್ತೇ? ಗುರುವಾರ ಅಂದಿದ್ರಲ್ಲ. ನಾನು ರಜೆ ಹಾಕ್ತೀನಿ ಅಂತಿದ್ದೆ."

"ಅವ್ರು ಯಾವತ್ತು ಹೇಳಿದ ದಿನ ಬಂದಿದಾರೆ? ಬಂದ, ನೋಡ್ದ, ಹೋದ. ಏನೂ ಕಾಣ್ಲಿಲ್ಲ ಅವನಿಗೆ."

ಹೊರೇಸ್ ತಿನ್ನುವುದನ್ನು ನಿಲ್ಲಿಸಿದ. "ಏನೂ ಕಾಣ್ಲಿಲ್ಲ ಅಂದ್ರೆ?"

"ಅಂದ್ರೆ ಏನೂ ಕಾಣ್ಲಿಲ್ಲ. ಒಳ್ಳೇ ದೀಪ ಎಲ್ಲಾ ಮಂಚದ ಕೆಳಗೆ. ಹೊಸ ಒಲೆ ಮೇಲೆ ಹಳೇ ಬಟ್ಟೆ ಗಂಟು. ಹಿಂದಿನ ಎರಡು ರೂಮಿಗೂ ಬೀಗ, ಸಾಮಾನು ತುಂಬಿದೆ ಸರ್, ಹೆಗ್ಗಣ ಇದೆ ಸರ್ ಅಂದೆ. ಹೆಗ್ಗಣ ಅಂದ ತಕ್ಷಣ ಅವನು ಆ ಕಡೆ ಕಾಲೇ ಇಡ್ಲಿಲ್ಲ." ಅವಳು ಕಿಲಕಿಲ ನಕ್ಕಳು.

"ಬಚ್ಚಲು?" ಎಂದಳು ವರ್ನೆಲ್, ಮೆಲ್ಲಗೆ.

"ಬಾಗಿಲ ಮೇಲೆ ಕೌದಿ ತೂಗುಹಾಕಿದ್ದೆ. ಕಕ್ಕಸು ಎಲ್ಲಿ ಅಂತ ಕೇಳ್ದ. ಹಿತ್ತಿಲ ಹಳೇ ಗೂಡು ತೋರಿಸ್ದೆ. ಪಾಪ, ಮೂಗು ಮುಚ್ಕೊಂಡು ಬರ್ಕೊಂಡ."

ಆ ಹಳೇ ಗೂಡಿನಲ್ಲಿ ಹೊರೇಸ್ ಗುದ್ದಲಿ, ಸಲಿಕೆ ಇಡುತ್ತಿದ್ದ. ಡೆಲೋಯಿಸ್ ತಟ್ಟೆ ಸರಿಸಿ ಎಂದಳು, "ಅಜ್ಜಿ, ಅವನು ಕಂದಾಯದವನಲ್ಲ. ಮನೆ ಕೊಂಡ್ಕೊಳ್ಳೋಕೆ ಬಂದವನು."

"ಹಲಗೆ ಹಿಡ್ಕೊಂಡು ಬಂದ ಬಿಳಿಯ ಎಲ್ಲಾ ಒಂದೇ ಕಣೇ. ನೀನು ಹೊಳೆವಂಥದ್ದು ತೋರಿಸಿದ್ರೆ ಅವನ ಕಣ್ಣಿಗೆ ಬೀಳುತ್ತೆ. ಕಣ್ಣಿಗೆ ಬಿದ್ದದ್ದು ನಿನ್ನ ಕೈಲಿ ಉಳಿಯಲ್ಲ."

ಇದು ಅವಳೊಬ್ಬಳ ಹುಚ್ಚಲ್ಲ. ನಮ್ಮ ಹಿರಿಯರೆಲ್ಲ ಹೀಗೇ ಬದುಕಿದವರು. ಒಜೆಲಾ ಚಿಕ್ಕವಳಿದ್ದಾಗ ಮಿಸಿಸಿಪ್ಪಿಯ ಹಳ್ಳಿಯಲ್ಲಿ ಅವಳಪ್ಪ ಮನೆಗೆ ಬಿಳಿ ಬಣ್ಣ ಹೊಡೆಸಿ, ಒಂದು ಕುದುರೆ ಗಾಡಿ ಕೊಂಡ. ಅದೇ ತಿಂಗಳು ಅವನ ಹತ್ತಿ ತುಂಬಿದ ಕೊಟ್ಟಿಗೆಗೆ ಬೆಂಕಿ ಬಿತ್ತು. ಯಾರು ಹಾಕಿದರೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅಲ್ಲಿಂದ ಮುಂದೆ ಅವಳಮ್ಮ ಕಂದಾಯದವನ ಧೂಳು ದೂರದಲ್ಲಿ ಕಂಡರೆ ಸಾಕು, ಪರದೆ ಇಳಿಸಿ, ಕೋಳಿ ಅಡಗಿಸಿ, ಮಕ್ಕಳಿಗೆ ಹರಕು ತೊಡಿಸಿ ನಿಲ್ಲಿಸುತ್ತಿದ್ದಳು. ಆ ಪಾಠ ಅವರ ಹೊಟ್ಟೆಗೆ ಅನ್ನ ಹಾಕಿತ್ತು. ಅದು ಎಲ್ಲಿ ಕೈಕೊಡುತ್ತದೆ ಎಂದು ಯಾರೂ ಕಲಿಸಿರಲಿಲ್ಲ.

ಬೆಲೆ ಬಂದಾಗ ಎಲೆಗಳು ಉದುರತೊಡಗಿದ್ದವು. ಎರಡು ಕೋಣೆಯ, ಬಚ್ಚಲಿಲ್ಲದ, ಹೆಗ್ಗಣ ಓಡಾಡುವ ಮನೆಗೆ ಏನು ಬರಬೇಕೋ ಅಷ್ಟೇ ಬಂದಿತ್ತು. ಪಕ್ಕದ ಮನೆಯ ಲುಬರ್ತಾ ತನಗಿದ್ದ ಒಂದೂವರೆ ಕೋಣೆಯನ್ನು ತಿಕ್ಕಿ ತೊಳೆದು, ಆ ಮನುಷ್ಯನಿಗೆ ಕೇಕು ಕೊಟ್ಟು, ಕಾಫಿ ಕೊಟ್ಟು, ಇವರಿಗಿಂತ ಹೆಚ್ಚು ಬರೆಸಿಕೊಂಡಿದ್ದಳು. ಉಳಿದ ಕೇಕನ್ನು ಇವರ ಮನೆಗೆ ತಂದುಕೊಟ್ಟು ಬೇರೆ ಹೋದಳು. ಒಳ್ಳೇ ಹೆಂಗಸೇ, ಆದರೆ ಆ ಕೇಕನ್ನು ಆ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ವರ್ನೆಲ್ ಭಾನುವಾರಗಳಲ್ಲಿ ಚರ್ಚು ಮುಗಿಸಿ ಅದೇ ಬಟ್ಟೆಯಲ್ಲಿ ಬಸ್ಸು ಹತ್ತಿ ಮನೆ ಹುಡುಕತೊಡಗಿದಳು. ಕರಿಯರಿಗೆ ಮನೆ ಕೊಡುವ ಬೀದಿಗಳೇ ಕಡಿಮೆ. ರಸ್ತೆಯಿಂದ ಎದ್ದವರೆಲ್ಲ ಅಲ್ಲಿಗೇ ಮುಗಿಬಿದ್ದದ್ದರಿಂದ ಬೆಲೆ ವಾರವಾರಕ್ಕೂ ಏರುತ್ತಿತ್ತು. ಸಂಜೆ ಚಪ್ಪಲಿ ಬಿಚ್ಚಿ, ಕಾಲನ್ನು ಬಿಸಿನೀರಲ್ಲಿಟ್ಟುಕೊಂಡು ಅವಳು ಕಂಡದ್ದನ್ನು ಹೇಳುತ್ತಿದ್ದಳು.

"ಈ ದುಡ್ಡಿಗೆ ಎರಡು ಕೋಣೆ ಬಾಡಿಗೆಗೆ ಸಿಗುತ್ತೆ. ಅದರಲ್ಲಿ ಮೂರು ಜನ ಹೇಗೋ ಮಲಗಬಹುದು."

"ನಾವು ನಾಲ್ಕು ಜನ," ಎಂದ ಹೊರೇಸ್.

ಅವಳು ಬಿಸಿನೀರಿನಿಂದ ಕಾಲು ತೆಗೆದು ಒರೆಸಿಕೊಂಡಳು. ಒಜೆಲಾಳ ತಂಗಿಯ ಮಗಳೊಬ್ಬಳು ಚಿಕಾಗೋದಲ್ಲಿದ್ದಳು. ದೊಡ್ಡಮ್ಮನನ್ನು ಕೆಲವು ದಿನ ನಾನು ಇಟ್ಟುಕೊಳ್ಳುತ್ತೇನೆ ಎಂದು ಆಕೆ ಹೇಳಿಕಳಿಸಿದ್ದಳು. ಕೆಲವು ದಿನ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಒಜೆಲಾಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ನಾನು ಆ ಹಿಮದ ಊರಿಗೆ ಹೋಗಲ್ಲ," ಎಂದಳು ಅವಳು. "ಅಲ್ಲಿ ಸತ್ತವ್ರನ್ನ ಹೂಳೋಕೆ ನೆಲ ಅಗೀಬೇಕಾದ್ರೆ ಬೇಸಿಗೆವರೆಗೂ ಕಾಯ್ಬೇಕಂತೆ."

"ಯಾರು ಹೇಳಿದ್ದು?"

"ಯಾರೋ ಹೇಳಿದ್ದು."

ಹೊರೇಸ್ ಒಂದು ದಿನ ಗಿರಣಿಯ ಅರ್ಧ ಪಾಳಿ ಬಿಟ್ಟು ರಸ್ತೆ ಕಚೇರಿಗೆ ಹೋಗಿಬಂದ. ಟೋಪಿ ಕೈಲಿ ಹಿಡಿದು ನಿಂತು ಕೇಳಿದ್ದಕ್ಕೆ, ಬರೆದದ್ದೆಲ್ಲ ಮನೆಯೊಡತಿ ತಾನೇ ಬಾಯಿಬಿಟ್ಟು ಹೇಳಿದ್ದು, ತಪ್ಪಿದ್ದರೆ ಆಕೆಯೇ ಬಂದು ತಪ್ಪೆಂದು ಹೇಳಬೇಕು, ಅದೂ ಈ ತಿಂಗಳೊಳಗೆ ಎಂದರಂತೆ.

"ಅಷ್ಟೇ ಅಮ್ಮ. ಹೋಗೋದು, ಹೇಳೋದು, ಬರೋದು."

"ಏನಂತ ಹೇಳ್ಲಿ?"

"ಇದ್ದದ್ದನ್ನ ಇದ್ದಂಗೆ."

"ಇದ್ದದ್ದನ್ನ ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ. ನಾನು ಅವ್ರಿಗೆ ಸುಳ್ಳು ಹೇಳ್ದೆ ಅಂತ ಅವ್ರ ಮುಂದೇನೇ ಹೇಳ್ಕೋಬೇಕಾ? ನಿಮ್ಮಪ್ಪ ಇದ್ದಿದ್ರೆ ಈ ಮಾತು ಆಡ್ತಿದ್ಯೇನೋ?"

"ಅಪ್ಪ ಇದ್ದಿದ್ರೆ ಅವತ್ತು ಆ ಕೌದಿ ತೂಗುಹಾಕೋಕೆ ಬಿಡ್ತಿರ್ಲಿಲ್ಲ."

ಅವತ್ತು ರಾತ್ರಿ ಮಗನಿಗೆ ಅವಳು ಬಡಿಸಲಿಲ್ಲ. ಅವನೇ ಬಡಿಸಿಕೊಂಡು ತಿಂದ.

ಬೀದಿ ಖಾಲಿಯಾಗುತ್ತ ಬಂತು. ಮೂಲೆಯ ಮನೆಗಳು ಮೊದಲು ಬಿದ್ದವು. ಯಂತ್ರ ಒಂದು ಮಗ್ಗುಲಿಗೆ ಮೆಲ್ಲಗೆ ಒರಗಿದರೆ ಸಾಕು, ಮೂವತ್ತು ವರ್ಷದ ಬಾಳು ಕುಯ್ಯೆಂದು ಕೂರುತ್ತಿತ್ತು. ಧೂಳು ಎಲ್ಲರ ಅನ್ನಕ್ಕೂ ಬಂತು. ಪಾತ್ರೆಗಳಿಗೆ ಬಟ್ಟೆ ಮುಚ್ಚಿ ಅಡುಗೆ ಮಾಡುತ್ತಿದ್ದೆವು, ಒಗೆದ ಬಟ್ಟೆಯನ್ನು ಒಳಗೇ ಒಣಗಿಸುತ್ತಿದ್ದೆವು. ಹೆಗ್ಗಣಗಳು ನಿಜಕ್ಕೂ ಬಂದವು. ಶನಿವಾರದ ಹೆಂಗಸರು ಒಬ್ಬೊಬ್ಬರೇ ದೂರದ ಬೀದಿಗಳಿಗೆ ಹೋಗಿ, ವರ್ನೆಲ್‌ಳ ಕುರ್ಚಿ ಬರಿದಾಯಿತು. ಆ ದುಡ್ಡಲ್ಲೇ ಡೆಲೋಯಿಸ್‌ಳ ಕಾಲೇಜು ನಡೆಯುತ್ತಿದ್ದದ್ದು.

"ಕಾಲೇಜು ಬಿಡ್ತೀನಿ," ಎಂದಳು ಡೆಲೋಯಿಸ್ ಒಂದು ಸಂಜೆ, ತಟ್ಟೆ ಒರೆಸುತ್ತ. "ಆಸ್ಪತ್ರೇಲಿ ಅಮ್ಮನ ಜೊತೆ ನಾನೂ ನಿಲ್ತೀನಿ. ಇಬ್ಬರ ಸಂಬಳ ಆದ್ರೆ ಮೂರು ಕೋಣೆ ಸಿಗಬಹುದು."

ಪಾತ್ರೆ ತೊಳೆಯುತ್ತಿದ್ದ ವರ್ನೆಲ್ ಕೈಯಲ್ಲಿದ್ದ ಬಾಣಲೆಯನ್ನು ನೀರಿಗೆ ಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡಿದವಳಲ್ಲ. ಒಳಗೊಳಗೇ ಗೊಣಗುವುದರಲ್ಲಿ ಮಾತ್ರ ಯಾರಿಗೂ ಕಡಿಮೆಯಿರಲಿಲ್ಲ.

"ಅತ್ತೆ, ಒಂದು ಮಾತು ಕೇಳ್ತೀನಿ. ನೀವು ದೀಪ ಮುಚ್ಚಿಟ್ರಿ, ಒಲೆ ಮುಚ್ಚಿಟ್ರಿ, ಹೋಗ್ಲಿ. ಆ ಬಚ್ಚಲು ಮಾವ ಕಟ್ಟಿದ್ದು. ಹಗಲು ದುಡಿದು ಬಂದು, ಮಂಡಿ ಊರಿ ಕಟ್ಟಿದ್ದು. ಅದನ್ನ ನೀವು ಇಲ್ಲ ಅಂದ್ರಲ್ಲ. ಈಗ ಸರ್ಕಾರದ ಪುಸ್ತಕದಲ್ಲಿ ಇಲ್ಲ ಅಂತಲೇ ಇರುತ್ತೆ. ನಾಳೆ ಮನೇನೂ ಬೀಳುತ್ತೆ. ಆಮೇಲೆ ಮಾವ ಏನು ಮಾಡಿದ್ರು ಅನ್ನೋಕೆ ಏನಿದೆ?"

ಒಜೆಲಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಉಜ್ಜುವ ಸದ್ದು ಬಂತು. ಎರಡು ಮೂರು ದಿನ ಆ ಸದ್ದು ಕೇಳುತ್ತಲೇ ಇತ್ತು. ಆಮೇಲೆ ಒಂದು ಬೆಳಗ್ಗೆ ಹೊರೇಸ್ ಬೂಟು ಹಾಕಿಕೊಳ್ಳುವಾಗ, ಚರ್ಚಿಗೆ ಹಾಕುವ ಬಿಳಿ ಉಡುಪು ತೊಟ್ಟು, ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತ ಎದುರು ನಿಂತಳು.

"ಗಿರಣಿಗೆ ಇವತ್ತು ಬರಲ್ಲ ಅಂತ ಹೇಳಿಕಳ್ಸು," ಎಂದಳು.

ಕಚೇರಿಯಲ್ಲಿ ನಡೆದದ್ದನ್ನು ಡೆಲೋಯಿಸ್ ನನಗೆ ಹೇಳಿದಳು. ಅವಳೂ ಜೊತೆಗೆ ಹೋಗಿದ್ದಳು. ಬೆಳಗ್ಗೆ ಹೋದವರನ್ನು ಊಟದ ಹೊತ್ತು ದಾಟುವವರೆಗೆ ಕೂರಿಸಿದರಂತೆ. ಆಮೇಲೆ ಬಂದ ಬಿಳಿಯರು ಮೊದಲು ಹೋದರು. ನಡುವೆ ಒಜೆಲಾಗೆ ಹೊರಗೆ ಹೋಗಬೇಕಾಯಿತು. ಆ ಮಹಡಿಯಲ್ಲಿದ್ದ ಕಕ್ಕಸು ಬಿಳಿಯರದು. ಕರಿಯರದು ನೆಲಮಾಳಿಗೆಯಲ್ಲಿ, ಅದರ ಬೀಗದ ಕೈ ಕಸ ಗುಡಿಸುವವನ ಹತ್ತಿರ, ಅವನು ಊಟಕ್ಕೆ ಹೋಗಿದ್ದ. ಡೆಲೋಯಿಸ್ ಎರಡು ಸಲ ಇಳಿದು ಹತ್ತಿ ಬಂದಳು. "ಮನೆಗೆ ಹೋಗೋಣ ನಡಿ ಅಜ್ಜಿ," ಎಂದಳು. ಅಜ್ಜಿ ಬೇಡವೆಂದು ತಲೆಯಾಡಿಸಿ ಕಾಲು ಜೋಡಿಸಿಕೊಂಡು ಕೂತಳು.

ಕೊನೆಗೆ ಕರೆದರು. ಮೇಜಿನ ಹಿಂದಿದ್ದವನು ಕನ್ನಡಕದ ಮೇಲಿಂದ ನೋಡಿದ.

"ಅಂದ್ರೆ ಒಜೆಲಾ, ನಮ್ಮವನಿಗೆ ನೀನು ಸುಳ್ಳು ಹೇಳಿದೆ."

"ಹೌದು ಸರ್."

ಅಲ್ಲಿಯವರೆಗೆ ಇದಕ್ಕಾಗಿಯೇ ಅಮ್ಮನನ್ನು ಕಾಡಿದ್ದ ಹೊರೇಸ್‌ಗೆ ಆ ಮಾತು ಕೇಳಲಾಗಲಿಲ್ಲ. "ಸುಳ್ಳಲ್ಲ ಸರ್, ವಯಸ್ಸಾಗಿದೆ, ಅವ್ರಿಗೆ ಗೊತ್ತಾಗ್ಲಿಲ್ಲ..." ಎಂದು ಮುಂದೆ ಬಂದ.

"ಕೂತ್ಕೋ ಹೊರೇಸ್," ಎಂದಳು ಒಜೆಲಾ. "ನಂಗೆ ಎಲ್ಲಾ ಗೊತ್ತಿತ್ತು ಸರ್. ಗೊತ್ತಿದ್ದೇ ಹೇಳ್ದೆ. ಈಗ ನಿಜ ಹೇಳ್ತೀನಿ. ಕೋಣೆ ಎರಡಲ್ಲ, ನಾಲ್ಕು. ಹಿಂದಿನ ಎರಡಕ್ಕೂ ಓಕ್ ಮರದ ನೆಲ. ಹೆಗ್ಗಣ ಆಗ ಇರ್ಲಿಲ್ಲ, ನಿಮ್ಮ ಯಂತ್ರ ಬಂದ್ಮೇಲೆ ಬಂದಿದೆ. ಒಲೆ ಹೊಸದು. ಒಳಗೆ ಬಚ್ಚಲಿದೆ. ಬಿಸಿನೀರು, ತಣ್ಣೀರು ಎರಡೂ ಬರುತ್ತೆ. ಸಿಂಹದ ಪಾದದ ತೊಟ್ಟಿ. ಅಮೋಸ್ ಪೆಟಿಗ್ರೂ ಅಂತ, ನನ್ನ ಗಂಡ, ಒಬ್ಬನೇ ಕಟ್ಟಿದ್ದು. ಆ ಹೆಸರು ಬರ್ಕೋತೀರಾ?"

"ಹೆಸರು ಬೇಕಾಗಿಲ್ಲ," ಎಂದ ಅವನು. "ಮತ್ತೆ ನೋಡೋಕೆ ಕಳಿಸ್ತೀನಿ."

ಹೊರೇಸ್ ಎರವಲು ತಂದಿದ್ದ ಕಾರು ಮನೆ ಮುಟ್ಟುವವರೆಗೆ ಅವಳಿಗೆ ತಡೆಯಲಾಗಲಿಲ್ಲ, ಉಡುಪು ಒದ್ದೆಯಾಯಿತು. ಇಳಿದವಳು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಆಸ್ಪತ್ರೆಯಿಂದ ಬಂದ ವರ್ನೆಲ್ ಆ ಬಿಳಿ ಉಡುಪನ್ನು ಅದೇ ತೊಟ್ಟಿಯಲ್ಲಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಅತ್ತೆಯ ಕೋಣೆಯಲ್ಲಿ ತೂಗುಹಾಕಿದಳು. ದಿನವಿಡೀ ಬೇರೆಯವರ ಬಟ್ಟೆ ಒಗೆದು ಬಂದವಳು. ಅವತ್ತು ಒಂದು ಮಾತೂ ಗೊಣಗಲಿಲ್ಲ. ಅದನ್ನು ಕೇಳಿ ನನಗೆ ಅಳು ಬಂತು, ಯಾಕೆ ಸುಳ್ಳು ಹೇಳಲಿ.

ಬೆಲೆ ಕಟ್ಟುವವನು ಶನಿವಾರ ಮತ್ತೆ ಬಂದ, ಅದೇ ಮನುಷ್ಯ. ಈ ಸಲ ಪರದೆಗಳು ಏರಿದ್ದವು, ದೀಪಗಳು ಹೊರಗಿದ್ದವು. ಒಜೆಲಾ ಮುಂದೆ ಮುಂದೆ ನಡೆದು ಒಂದೊಂದೇ ಬಾಗಿಲು ತೆರೆದಳು. ಅವನು ಅಳೆದ, ತಟ್ಟಿ ನೋಡಿದ, ನಲ್ಲಿ ತಿರುಗಿಸಿದ, ಬರೆದುಕೊಂಡ. ಎಲ್ಲ ಮುಗಿದ ಮೇಲೂ ಹೋಗದೆ ನಡುಮನೆಯಲ್ಲಿ ಕಾಲು ಬದಲಿಸುತ್ತ ನಿಂತ. ಬೀದಿಯ ಖಾಲಿ ಮನೆಗಳಿಗೆಲ್ಲ ನೀರು ನಿಲ್ಲಿಸಿದ್ದರು.

"ಒಜೆಲಾ," ಎಂದ. "ನಾನು ಸ್ವಲ್ಪ... ಒಳಗೆ ಹೋಗಿ ಬರಬಹುದಾ?"

ವರ್ನೆಲ್‌ಳ ಮುಖ ಕಲ್ಲಾಯಿತು. "ಬೇಡ ಅತ್ತೆ," ಎಂದಳು ಹಲ್ಲು ಕಚ್ಚಿಕೊಂಡು. "ಹಿತ್ತಿಲ ಗೂಡು ತೋರಿಸಿ."

ಒಜೆಲಾ ಅವನನ್ನು ತಲೆಯಿಂದ ಕಾಲವರೆಗೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

"ಹೋಗಿ ಸರ್. ಬಾಗಿಲನ್ನ ಸ್ವಲ್ಪ ಎತ್ತಿ ಮುಚ್ಚಬೇಕು."

ನೀರು ಹೊಯ್ದ ಸದ್ದು ಕೇಳಿತು. ಗೋಡೆಯೊಳಗಿನ ಕೊಳವೆಗಳು ಗುಡುಗುಡು ಎಂದವು. ಅದೊಂದನ್ನು ಅಮೋಸ್‌ಗೆ ಸರಿಮಾಡಲು ಕೊನೆಗೂ ಆಗಿರಲಿಲ್ಲ. ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅವನು ಬಿಟ್ಟುಹೋಗಿದ್ದ ಹಲಗೆ ಒಜೆಲಾಳ ಕೈಯಲ್ಲಿತ್ತು.

"ಕೆಲಸ ಮಾಡುತ್ತೆ ತಾನೆ ಸರ್?"

"ಮಾಡುತ್ತೆ."

"ಹಾಗಿದ್ರೆ ಹಾಗಂತ ಬರ್ಕೊಳ್ಳಿ. ಇಲ್ಲೇ, ನನ್ನೆದುರಿಗೆ."

ಅವನ ಕಿವಿ ಕೆಂಪಾಯಿತು. ಬರೆದ. ಪಕ್ಕದಲ್ಲಿ ನಿಂತು ಡೆಲೋಯಿಸ್ ಓದಿ ಹೇಳುವವರೆಗೂ ಒಜೆಲಾ ಬಾಗಿಲು ಬಿಟ್ಟು ಸರಿಯಲಿಲ್ಲ.

ಹೊಸ ಬೆಲೆ ಕ್ರಿಸ್‌ಮಸ್ಸಿಗೆ ಮುಂಚೆ ಬಂತು. ಊರಾಚೆ ರೈಲು ಹಳಿಯ ಪಕ್ಕ ಮೂರು ಕೋಣೆಯ ಮನೆಗೆ ಅದು ಸಾಕಾಗುತ್ತಿತ್ತು, ಬಿಗಿಹಿಡಿದರೆ. ಚರ್ಚಿಗೆ ಎರಡು ಬಸ್ಸು ಬದಲಿಸಬೇಕು. ಗಿರಣಿಗೆ ಹೊರೇಸ್ ಬೆಳಕು ಹರಿಯುವ ಮುಂಚೆ ಹೊರಡಬೇಕು. ಆದರೂ ಡೆಲೋಯಿಸ್ ಕಾಲೇಜು ಬಿಡಬೇಕಾಗಿಲ್ಲ. ಚಿಕಾಗೋದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಆ ಸಂಜೆ ಊಟಕ್ಕೆ ಸೊಪ್ಪು, ನದಿಯ ಮೀನು. ಅಜ್ಜಿ ಎಂದಿನಂತೆ ಮಜ್ಜಿಗೆ ಹೊಯ್ದು ತಿನ್ನಲು ಲೋಟದೊಳಗೆ ಮೆಕ್ಕೆಜೋಳದ ಬ್ರೆಡ್ಡು ಪುಡಿ ಮಾಡಿಕೊಂಡು ಕೂತಿದ್ದಳು. ಡೆಲೋಯಿಸ್‌ಗೆ ಸುಮ್ಮನಿರಲಾಗಲಿಲ್ಲ.

"ನೋಡಿದ್ಯಾ ಅಜ್ಜಿ? ನಿಜ ಹೇಳಿದ್ರೆ ಏನಾದ್ರೂ ಆಯ್ತಾ? ಎದೆಗೆ ಒದ್ದರಾ ಯಾರಾದ್ರೂ?"

ಹೊರಗೆ ಎಲ್ಲೋ ಇನ್ನೊಂದು ಮನೆ ಕೂತ ಸದ್ದು ಬಂತು. ವರ್ನೆಲ್ ಎದ್ದು ಸೊಪ್ಪಿನ ಪಾತ್ರೆಗೆ ಬಟ್ಟೆ ಮುಚ್ಚಿದಳು.

"ಸುಳ್ಳು ಹೇಳ್ದೆ, ಮನೆ ತಗೊಂಡ್ರು," ಎಂದಳು ಒಜೆಲಾ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿಜ ಹೇಳ್ದೆ, ಆಗ್ಲೂ ತಗೊಂಡ್ರು. ನಿಜಕ್ಕೆ ಒಂದು ಬಚ್ಚಲಿನ ದುಡ್ಡು ಜಾಸ್ತಿ ಕೊಟ್ರು, ಅಷ್ಟೇ ಕಣೇ ವ್ಯತ್ಯಾಸ. ಆ ಮಜ್ಜಿಗೆ ಇತ್ತ ಕೊಡು."

ಡೆಲೋಯಿಸ್ ಮಜ್ಜಿಗೆ ಕೊಟ್ಟಳು.